ನದಿಗೆ ಬಣ್ಣ ಹಾಕುವವರ ಊರಿನಲ್ಲಿ ನಾಲ್ಕು ದಿನ

ಶುಕ್ರವಾರ, ಮಾರ್ಚ್ 15

2019ರ ಮಾರ್ಚ್ ತಿಂಗಳಿನಲ್ಲಿ ನಾನು ಷಿಕಾಗೊದ ಪಶ್ಚಿಮಕ್ಕಿರುವ ನೇಪರ್‌ವಿಲ್ ಎಂಬ ಊರಿನಲ್ಲಿ ತಮ್ಮನ ಮನೆಯಲ್ಲಿದ್ದೆ. ಮೈಸೂರಿನಿಂದ ಹೊರಡುವಾಗ ನೋಡಲೇಬೇಕೆಂದು ಬರೆದಿಟ್ಟುಕೊಂಡಿದ್ದವು ಮೂರೇ: ಅರೋರಾದ ಬಾಲಾಜಿ ದೇವಸ್ಥಾನ, ವಿವೇಕಾನಂದರು ಮಾತನಾಡಿದ ಕಟ್ಟಡ, ನೋಡಿದವರೆಲ್ಲ ಸಮುದ್ರಕ್ಕೆ ಹೋಲಿಸುವ ಮಿಷಿಗನ್ ಸರೋವರ. ಐರಿಷ್ ಜನರ ಮೆರವಣಿಗೆಯೊಂದು ಆ ಊರಿನಲ್ಲಿ ವರ್ಷವರ್ಷವೂ ನಡೆಯುತ್ತದೆಂಬುದು ನನಗೆ ಗೊತ್ತೇ ಇರಲಿಲ್ಲ. “ಅಕ್ಕಾ, ನೀನು ಸರಿಯಾದ ವಾರಕ್ಕೇ ಬಂದಿದ್ದೀಯ. ನಾಳೆ ನದಿಗೆ ಹಸಿರು ಬಣ್ಣ ಹಾಕುತ್ತಾರೆ, ಆಮೇಲೆ ಪೇಟೆಯ ಮೆರವಣಿಗೆ. ನಾಡಿದ್ದು ದಕ್ಷಿಣದ ಬಡಾವಣೆಯವರದ್ದು. ಎರಡನ್ನೂ ನೋಡಿಬಿಡೋಣ,” ಎಂದು ತಮ್ಮ ಹೇಳಿದಾಗ ನನಗೆ ಮೊದಲು ನೆನಪಾದದ್ದು ಕಾರ್ಖಾನೆಗಳು ನಮ್ಮ ಹೊಳೆಗಳಿಗೆ ಬಿಡುವ ಬಣ್ಣದ ಕೊಳಚೆ. ನದಿಗೆ ಬಣ್ಣ ಸುರಿದು ಅದನ್ನೇ ಹಬ್ಬವೆನ್ನುವ ಜನ ಎಂಥವರಿರಬಹುದು ಎಂಬ ಅನುಮಾನವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಒಪ್ಪಿಕೊಂಡೆ.

ಶುಕ್ರವಾರ ಮಧ್ಯಾಹ್ನ ತಮ್ಮ ಕಚೇರಿಯಿಂದ ಬೇಗ ಬಿಡುವು ಮಾಡಿಕೊಂಡದ್ದರಿಂದ, ಯೂನಿಯನ್ ಸ್ಟೇಷನ್‌ನಿಂದ ನಡೆದುಹೋಗಬಹುದಾದಷ್ಟು ಹತ್ತಿರದಲ್ಲಿರುವ ಓಲ್ಡ್ ಸೇಂಟ್ ಪ್ಯಾಟ್ರಿಕ್ಸ್ ಚರ್ಚಿಗೆ ಹೋಗಿಬಂದೆವು. 1856ರಲ್ಲಿ ಪ್ರತಿಷ್ಠೆಗೊಂಡ ಈ ಹಳದಿ ಇಟ್ಟಿಗೆಯ ಕಟ್ಟಡ, 1871ರಲ್ಲಿ ಊರಿನ ಬಹುಭಾಗವನ್ನು ಸುಟ್ಟ ಬೆಂಕಿಯಿಂದ ಪಾರಾಗಿ ಉಳಿದ ಕೆಲವೇ ಕಟ್ಟಡಗಳಲ್ಲಿ ಒಂದು. ಒಳಗಿನ ಬಣ್ಣದ ಗಾಜಿನ ಕಿಟಕಿಗಳನ್ನು ಥಾಮಸ್ ಓಶಾಘ್ನೆಸಿ ಎಂಬ ಕಲಾವಿದ 1912ರಿಂದ ಹತ್ತು ವರ್ಷಗಳ ಕಾಲ ಮಾಡಿದನು. ಅವುಗಳಲ್ಲಿ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂದು ಹೇಳಲಾಗದಂತೆ ಒಂದರೊಳಗೊಂದು ಹೆಣೆದುಕೊಂಡ ಗೆರೆಗಳನ್ನು ಕಂಡಾಗ, ಅಮ್ಮ ಧನುರ್ಮಾಸದಲ್ಲಿ ಹಾಕುತ್ತಿದ್ದ ಚುಕ್ಕಿಯ ಎಳೆರಂಗೋಲಿಯನ್ನೇ ಯಾರೋ ಗಾಜಿಗೆ ಇಳಿಸಿದಂತೆನಿಸಿತು. ಐರ್ಲೆಂಡಿನ ಪೋಷಕ ಸಂತನಾದ ಪ್ಯಾಟ್ರಿಕ್ ಮೂರೆಲೆಯ ಶ್ಯಾಮ್‌ರಾಕ್ ಸೊಪ್ಪನ್ನು ತೋರಿಸಿ ತಂದೆ, ಮಗ, ಪವಿತ್ರಾತ್ಮರೆಂಬ ತ್ರಿತ್ವವನ್ನು ವಿವರಿಸಿದನೆಂಬ ಐತಿಹ್ಯವನ್ನು ತಮ್ಮನ ಮಗಳು ಶಾಲೆಯಲ್ಲಿ ಕೇಳಿ ತಿಳಿದಿದ್ದಳು. ಬಿಲ್ವಪತ್ರೆಯ ಕಥೆಯನ್ನು ನಾನು ಹೇಳಬೇಕಾಯಿತು.

ಶನಿವಾರ, ಮಾರ್ಚ್ 16

ಸಂತ ಪ್ಯಾಟ್ರಿಕ್‌ನ ಹಬ್ಬ ಮಾರ್ಚ್ 17ರಂದು. ಷಿಕಾಗೊ ಪೇಟೆಯ ಮೆರವಣಿಗೆ ಮಾತ್ರ ಈಗ ಶನಿವಾರವೇ ನಡೆಯುತ್ತದೆ. ಆ ವರ್ಷ 17 ಭಾನುವಾರ ಬಂದಿದ್ದರಿಂದ ಶನಿವಾರ ನದಿ ಮತ್ತು ಪೇಟೆ, ಭಾನುವಾರ ಹಬ್ಬದ ದಿನವೇ ದಕ್ಷಿಣದ ಬಡಾವಣೆ ಎಂದು ಎರಡೂ ಒಂದರ ಬೆನ್ನಿಗೊಂದು ಒದಗಿಬಂದಿದ್ದವು.

ಚಳಿ ಇನ್ನೂ ಬಿಟ್ಟಿರಲಿಲ್ಲ. ಆದರೂ ನಾನು ಹಟ ಹಿಡಿದು ಗಿಳಿಹಸಿರಿನ ಮೈಸೂರು ರೇಷ್ಮೆ ಸೀರೆಯನ್ನು ಉಣ್ಣೆಯ ಒಳಉಡುಪಿನ ಮೇಲೆ ಉಟ್ಟು, ಅದರ ಮೇಲೆ ನಾದಿನಿಯ ಉದ್ದನೆಯ ಕೋಟು ತೊಟ್ಟು ಹೊರಟೆ. ನೇಪರ್‌ವಿಲ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟು ಗಂಟೆಗೇ ಹಸಿರು ಟೋಪಿ, ಹಸಿರು ಮಣಿಸರ, ಹಸಿರು ಕನ್ನಡಕಗಳ ಹುಡುಗ ಹುಡುಗಿಯರು ತುಂಬಿಹೋಗಿದ್ದರು. ಮೆರವಣಿಗೆಯ ದಿನಗಳಲ್ಲಿ ಈ ರೈಲಿನಲ್ಲಿ ಮದ್ಯ ಒಯ್ಯುವಂತಿಲ್ಲವೆಂಬ ಫಲಕವಿತ್ತು. ಕೆಲವರ ಮಾತಿನ ಸದ್ದು ಕೇಳಿದರೆ, ಅವರು ಆ ಕೆಲಸವನ್ನು ಮನೆಯಲ್ಲೇ ಮುಗಿಸಿ ಬಂದಿದ್ದರೆಂದು ತಿಳಿಯುತ್ತಿತ್ತು.

ನದಿಯ ದಂಡೆಗೆ ಹೋಗುವುದರಲ್ಲಿ ನಾವು ಎಡವಿದೆವು. ತಮ್ಮ ತನಗೆಲ್ಲ ಗೊತ್ತೆಂದು ನಮ್ಮನ್ನು ಕರೆದುಕೊಂಡುಹೋದ ಮೂಲೆಯಿಂದ ಕಾಣಿಸುತ್ತಿದ್ದದ್ದು ಜನರ ಬೆನ್ನು ಮಾತ್ರ. ಅಷ್ಟರಲ್ಲಿ ಪೊಲೀಸರು ಸೇತುವೆಯ ಮೇಲೆ ಜನ ಹೆಚ್ಚಾಯಿತೆಂದು ದಾರಿ ಮುಚ್ಚಿದರು. ಸುತ್ತುಹಾಕಿ, ಮೂರು ಕಡೆ ಕ್ಷಮೆ ಕೇಳಿ ನುಗ್ಗಿ, ವ್ಯಾಕರ್ ಡ್ರೈವ್‌ನ ಕಲ್ಲಿನ ಕಟಕಟೆಯ ಬಳಿ ಒಂದು ಗೇಣು ಜಾಗ ಸಿಕ್ಕಿದಾಗ ದೋಣಿಗಳು ಆಗಲೇ ಹೊರಟಿದ್ದವು.

ದೊಡ್ಡ ದೋಣಿಯೊಂದರ ಅಂಚಿನಲ್ಲಿ ಕುಳಿತವರ ಕೈಯಲ್ಲಿ ಇದ್ದದ್ದು ಯಾವ ಯಂತ್ರವೂ ಅಲ್ಲ, ಹಿಟ್ಟು ಜಾಲಿಸುವ ಜರಡಿ. ಅದಕ್ಕೆ ಪುಡಿ ತುಂಬಿ, ನಾವು ಅಡುಗೆಮನೆಯಲ್ಲಿ ಮೈದಾಹಿಟ್ಟು ಜರಡಿ ಹಿಡಿಯುವಂತೆಯೇ ಅವರು ನೀರಿನ ಮೇಲೆ ಅಲುಗಿಸುತ್ತಿದ್ದರು. ನನ್ನನ್ನು ನಿಬ್ಬೆರಗಾಗಿಸಿದ್ದು ಪುಡಿಯ ಬಣ್ಣ. ಅದು ಹಸಿರಲ್ಲ, ಕಿತ್ತಳೆ! ಕಿತ್ತಳೆಯ ಪುಡಿ ನೀರಿಗೆ ಬೀಳುತ್ತಿದ್ದಂತೆ ಮೊದಲು ತುಕ್ಕಿನ ಕಲೆಯಂತೆ ಹರಡುತ್ತದೆ. ಹಿಂದೆಯೇ ಬರುವ ಸಣ್ಣ ದೋಣಿಯೊಂದು ಅತ್ತಿಂದಿತ್ತ ಓಡಾಡಿ ನೀರನ್ನು ಕಡೆಯುತ್ತಿದ್ದಂತೆ ಆ ಕಲೆಯ ಅಂಚು ಹಸಿರಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಕಾರಂಜಿಯ ದೀಪಕ್ಕೆ ಸಲ್ಲಬಹುದಾದಂಥ, ಯಾವ ಎಲೆಗೂ ಇಲ್ಲದ ಹೊಳೆಯುವ ಹಸಿರು ದಡದಿಂದ ದಡಕ್ಕೆ ತುಂಬಿಕೊಳ್ಳುತ್ತದೆ. ಜೋಳದ ತೆನೆಗಳಂತೆ ನಿಂತ ಮರೀನಾ ಸಿಟಿಯ ಜೋಡಿ ಗೋಪುರಗಳ ಕಡೆಯಿಂದ ಕೊಲಂಬಸ್ ಡ್ರೈವ್‌ನ ಸೇತುವೆಯವರೆಗೆ ನದಿಯು ಬಣ್ಣದ ಬಟ್ಟಲಿನಲ್ಲಿ ಅದ್ದಿ ತೆಗೆದ ಬಟ್ಟೆಯಂತೆ ಕಾಣುತ್ತಿತ್ತು.

ಈ ಬಣ್ಣದ ಹಿಂದಿನ ಕಥೆಯನ್ನು ತಮ್ಮ ಅಲ್ಲಿಯೇ ಹೇಳಿದ. ಹಿಂದಿನ ದಿನದ ನನ್ನ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಅದರಲ್ಲಿ. ಇದನ್ನು ಆರಂಭಿಸಿದವರು ಕೊಳಾಯಿ ಕೆಲಸದವರು. 1960ರ ಆಸುಪಾಸಿನಲ್ಲಿ, ರಿಚರ್ಡ್ ಜೆ. ಡೇಲಿ ಮೇಯರ್ ಆಗಿದ್ದ ಕಾಲದಲ್ಲಿ, ಯಾವ ಕಟ್ಟಡದವರು ಕದ್ದುಮುಚ್ಚಿ ಕೊಳಚೆಯನ್ನು ನದಿಗೆ ಬಿಡುತ್ತಿದ್ದಾರೆಂದು ಕಂಡುಹಿಡಿಯಲು ಕೊಳಾಯಿ ಕೆಲಸದವರು ಕಟ್ಟಡಗಳ ಕೊಳವೆಗಳಿಗೆ ಫ್ಲೋರೆಸೀನ್ ಎಂಬ ಬಣ್ಣವನ್ನು ಸುರಿಯುತ್ತಿದ್ದರು. ನದಿಯಲ್ಲಿ ಎಲ್ಲಿ ಹಸಿರು ಹೊರಬರುತ್ತದೋ ಅಲ್ಲಿಗೆ ಕಳ್ಳ ಸಿಕ್ಕಿದಂತೆ. ಹೀಗೆ ಕೆಲಸ ಮಾಡಿ ಬಂದವನೊಬ್ಬನ ಬಿಳಿಯ ಅಂಗಿಯ ಮೇಲಿನ ಹಸಿರು ಕಲೆಯನ್ನು ಕಂಡ ಪ್ಲಂಬರ್ಸ್ ಯೂನಿಯನ್ ಲೋಕಲ್ 130ರ ಮುಖಂಡ ಸ್ಟೀಫನ್ ಬೇಲಿ, ಇಡೀ ನದಿಯನ್ನೇ ಹೀಗೆ ಮಾಡಿದರೆ ಹೇಗೆ ಎಂದು ಯೋಚಿಸಿದನು. 1962ರಲ್ಲಿ ಮೊದಲ ಬಾರಿ 100 ಪೌಂಡ್ ಬಣ್ಣ ಸುರಿದು, ಲೆಕ್ಕಾಚಾರ ತಪ್ಪಿ, ನದಿ ಒಂದು ವಾರದವರೆಗೂ ಹಸಿರಾಗಿಯೇ ಉಳಿಯಿತಂತೆ. ಪರಿಸರದ ಕಾಳಜಿಯುಳ್ಳವರು ಆಕ್ಷೇಪಿಸಿದ ಮೇಲೆ 1966ರಲ್ಲಿ ಆ ಬಣ್ಣವನ್ನು ಬಿಟ್ಟು ಸಸ್ಯಮೂಲದ ಪುಡಿಗೆ ಬದಲಾಯಿಸಿದರು. ಈಗ ಸುಮಾರು 40 ಪೌಂಡ್ ಸಾಕು. ಅದನ್ನು ಯಾವುದರಿಂದ ಮಾಡುತ್ತಾರೆಂಬುದನ್ನು ಹಾಕುವವರು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಕೊಳಚೆ ಬಿಡುವವರನ್ನು ಹಿಡಿಯಲು ಬಳಸಿದ ಸಾಧನವೇ ಹಬ್ಬದ ಬಣ್ಣವಾದದ್ದನ್ನು ಕೇಳಿ, ನಾನು ಮನಸ್ಸಿನಲ್ಲೇ ಆ ಜನರ ಕ್ಷಮೆ ಕೇಳಿದೆ. ಇನ್ನೊಂದು ಸಂಗತಿಯೂ ಉಂಟು. ಈ ನದಿ ಒಂದು ಕಾಲದಲ್ಲಿ ಸರೋವರಕ್ಕೆ ಹರಿಯುತ್ತಿತ್ತು. ಊರಿನ ಕೊಳಚೆಯೆಲ್ಲ ಕುಡಿಯುವ ನೀರಿಗೇ ಸೇರುತ್ತಿದ್ದುದರಿಂದ, 1900ರಲ್ಲಿ ಹೊಸ ಕಾಲುವೆ ತೋಡಿ ಇಡೀ ನದಿಯನ್ನು ಹಿಮ್ಮುಖವಾಗಿ ಹರಿಯುವಂತೆ ತಿರುಗಿಸಿದರು. ಹಾಗಾಗಿ ಈ ಹಸಿರು ಸರೋವರಕ್ಕೆ ಹೋಗದೆ ಇಲಿನಾಯ್ ನದಿಯ ಕಡೆಗೆ, ಅಲ್ಲಿಂದ ಮಿಸಿಸಿಪ್ಪಿಗೆ ಸಾಗುತ್ತದೆ. ಅದು ಮೆಕ್ಸಿಕೊ ಕೊಲ್ಲಿ ದಾಟಿ, ಗಲ್ಫ್ ಸ್ಟ್ರೀಮ್ ಪ್ರವಾಹ ಹಿಡಿದು, ಕೊನೆಗೆ ಐರ್ಲೆಂಡಿನ ಸಮುದ್ರವನ್ನೇ ಸೇರುತ್ತದೆಂದು ಬೇಲಿ ತಮಾಷೆಯಾಗಿ ಹೇಳುತ್ತಿದ್ದನಂತೆ. ವಲಸೆ ಬಂದವರು ತವರಿಗೆ ಕಳಿಸುವ ಕಾಗದಗಳಲ್ಲಿ ಇದಕ್ಕಿಂತ ನಿಧಾನವಾದದ್ದು ಇರಲಾರದು.

ಮಧ್ಯಾಹ್ನದ ಮೆರವಣಿಗೆ ಕೊಲಂಬಸ್ ಡ್ರೈವ್‌ನಲ್ಲಿ, ಬಾಲ್ಬೋ ರಸ್ತೆಯಿಂದ ಉತ್ತರಕ್ಕೆ ಮನ್ರೋ ರಸ್ತೆಯವರೆಗೆ ಸಾಗುತ್ತದೆ. ಪೇಟೆಯಲ್ಲಿ ಇದು ಈಗಿನ ರೂಪದಲ್ಲಿ ಆರಂಭವಾದದ್ದು ಡೇಲಿಯ ಕಾಲದ 1956ರಲ್ಲಿ. ಚಳಿಗಾಲಕ್ಕೆಂದು ನೀರು ನಿಲ್ಲಿಸಿದ್ದ ಬಕಿಂಗ್‌ಹ್ಯಾಮ್ ಕಾರಂಜಿಯ ಎದುರು ನಾವು ನಿಂತಿದ್ದೆವು. ಮುಂದಿನ ಸಾಲಿನಲ್ಲಿ ಅಡ್ಡಪಟ್ಟಿ ತೊಟ್ಟ ರಾಜಕಾರಣಿಗಳು ಕೈಬೀಸುತ್ತ ಬಂದರು; ಇದು ಎಲ್ಲ ಊರಿನ ಮೆರವಣಿಗೆಗೂ ತಪ್ಪದ ಭಾಗವಾದ್ದರಿಂದ ಹೆಚ್ಚು ಬರೆಯುವುದಿಲ್ಲ. ಅವರ ಹಿಂದೆ ಬಂದದ್ದು 1926ರಲ್ಲಿ ಸ್ಥಾಪನೆಯಾದ ಷ್ಯಾನನ್ ರೋವರ್ಸ್ ಎಂಬ ಬ್ಯಾಗ್‌ಪೈಪ್ ವಾದ್ಯದ ತಂಡ. ಬಗಲಿನ ಚೀಲವನ್ನು ಕಮ್ಮಾರನ ತಿದಿಯಂತೆ ಒತ್ತುತ್ತ, ಹೆಗಲ ಮೇಲಿನ ಕೊಳವೆಗಳಿಂದ ಒಂದೇ ಸ್ವರವನ್ನು ಎಡೆಬಿಡದೆ ಹೊರಡಿಸುತ್ತ ಅವರು ಹತ್ತಿರವಾದಂತೆ ನನಗೆ ದೇವಸ್ಥಾನದ ಓಲಗದಲ್ಲಿ ಕೆನ್ನೆಯುಬ್ಬಿಸಿ ಶ್ರುತಿ ಹಿಡಿದು ನಿಲ್ಲುವವನ ನೆನಪಾಯಿತು. ಯಾರೂ ಅವನನ್ನು ನೋಡುವುದಿಲ್ಲ, ಆದರೆ ಅವನು ನಿಲ್ಲಿಸಿದರೆ ಎಲ್ಲವೂ ನಿಲ್ಲುತ್ತದೆ.

ಆಮೇಲೆ ಬಂದವು ಸಂಘಗಳು. ಕೊಳಾಯಿಯವರು, ವಿದ್ಯುತ್ ಕೆಲಸದವರು, ಬಡಗಿಗಳು, ಅಗ್ನಿಶಾಮಕದವರು ತಮ್ಮ ತಮ್ಮ ಪತಾಕೆಯ ಹಿಂದೆ ಹೆಂಡತಿ ಮಕ್ಕಳೊಂದಿಗೆ ನಡೆದುಬಂದರು. ನಮ್ಮ ಜಂಬೂಸವಾರಿಯ ಸ್ತಬ್ಧಚಿತ್ರಗಳಲ್ಲಿ ಇಲಾಖೆಗಳು ತಮ್ಮ ಯೋಜನೆಗಳನ್ನು ತೋರಿಸುತ್ತವೆ. ಇಲ್ಲಿ ಯೋಜನೆಯೂ ಇಲ್ಲ, ಗೊಂಬೆಯೂ ಇಲ್ಲ. ಕೆಲಸ ಮಾಡುವವರೇ ತಾವಾಗಿ ನಡೆದುಹೋಗುತ್ತಾರೆ. ಪರಂಪರೆಯ ಮೆರವಣಿಗೆಯೆಂದರೆ ರಾಜರು, ಋಷಿಗಳು, ಯುದ್ಧಗಳೆಂದು ತಿಳಿದಿದ್ದ ನನಗೆ, ಕಸುಬನ್ನೇ ಪರಂಪರೆಯೆಂದು ಹೊತ್ತು ತೋರಿಸುವುದು ಹೊಸದಾಗಿತ್ತು.

ನೃತ್ಯಶಾಲೆಗಳ ಹುಡುಗಿಯರು ಗುಂಗುರು ಚೌರಿ ತೊಟ್ಟು, ಸೊಂಟದಿಂದ ಮೇಲೆ ಕಂಬದಂತೆ ನಿಂತು, ಕೈಗಳನ್ನು ಪಕ್ಕಕ್ಕೆ ಬಿಗಿಹಿಡಿದು, ಕಾಲಿನಲ್ಲಿ ಮಾತ್ರ ಕುಣಿಯುತ್ತಿದ್ದರು. ಭರತನಾಟ್ಯ ಕಲಿಯುತ್ತಿರುವ ತಮ್ಮನ ಮಗಳಿಗೆ ಅದು ನಂಬಲಾಗದ ವಿಷಯವಾಯಿತು. “ಅತ್ತೆ, ಕೈಯೇ ಇಲ್ಲದಿದ್ದರೆ ಅವರು ಕಥೆ ಹೇಳುವುದು ಹೇಗೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ 1994ರಲ್ಲಿ ಡಬ್ಲಿನ್‌ನಲ್ಲಿ ನಡೆದ ಯೂರೋವಿಷನ್ ಹಾಡಿನ ಸ್ಪರ್ಧೆಯ ವಿರಾಮದ ವೇಳೆ ಕುಣಿದು ಈ ನೃತ್ಯವನ್ನು ಜಗತ್ತಿಗೆಲ್ಲ ಪರಿಚಯಿಸಿದ ಮೈಕಲ್ ಫ್ಲಾಟ್ಲಿ ಹುಟ್ಟಿದ್ದು ಇದೇ ಷಿಕಾಗೊದಲ್ಲಿ, ಅವನ ತಂದೆ ಕೊಳಾಯಿ ಕೆಲಸದವನು ಎಂದು ತಮ್ಮ ಹೇಳಿದಾಗ ಮೂವರೂ ನಕ್ಕೆವು. ಆ ದಿನ ಎತ್ತ ತಿರುಗಿದರೂ ಕೊಳಾಯಿಯೇ.

ಮರಳುವಾಗ, ಮೆರವಣಿಗೆಯ ರಸ್ತೆಗೆ ಬೆನ್ನು ಮಾಡಿ ನಿಂತಿರುವ ಆರ್ಟ್ ಇನ್‌ಸ್ಟಿಟ್ಯೂಟ್‌ನ ಮುಂಬಾಗಿಲಿಗೆ ಬಂದೆವು. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಈ ಕಟ್ಟಡದಲ್ಲಿ. ಮುಂದಿನ ಮಿಷಿಗನ್ ಅವೆನ್ಯೂವಿನ ಒಂದು ತುಂಡಿಗೆ ಅವರ ಹೆಸರಿನ ಫಲಕವಿದೆ. ಅವರ ಶಿಷ್ಯೆ ಸೋದರಿ ನಿವೇದಿತಾ 1867ರಲ್ಲಿ ಐರ್ಲೆಂಡಿನ ಡಂಗ್ಯಾನನ್ ಊರಿನಲ್ಲಿ ಹುಟ್ಟಿದವರು. ಹಸಿರು ಟೋಪಿಯ ಹುಡುಗರು ಆ ಫಲಕದ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು, ಹೆಸರನ್ನು ಓದಿದಂತೆ ಕಾಣಲಿಲ್ಲ.

ಭಾನುವಾರ, ಮಾರ್ಚ್ 17

ಪೇಟೆಯ ಮೆರವಣಿಗೆ ನೋಡುವವರದ್ದು, ದಕ್ಷಿಣದ್ದು ಮನೆಯವರದ್ದು. ಈಗ ನೆನಪಿಸಿಕೊಂಡರೆ ಮೊದಲು ಕಣ್ಣೆದುರು ಬರುವುದು ಭಾನುವಾರವೇ.

ಲಸಾಲ್ ಸ್ಟ್ರೀಟ್ ನಿಲ್ದಾಣದಿಂದ ರಾಕ್ ಐಲ್ಯಾಂಡ್ ಮಾರ್ಗದ ರೈಲು ಹಿಡಿದು 103ನೇ ರಸ್ತೆಯ ನಿಲ್ದಾಣದಲ್ಲಿ ಇಳಿದೆವು. ಅಲ್ಲಿಯೇ ಸಣ್ಣ ಏರಿನ ಮೇಲೆ, ರಾಬರ್ಟ್ ಗಿವಿನ್ಸ್ ಎಂಬಾತ 1880ರ ದಶಕದಲ್ಲಿ ಕಟ್ಟಿಸಿದ, ಐರಿಷ್ ಕೋಟೆಯೆಂದೇ ಎಲ್ಲರೂ ಕರೆಯುವ ಕಲ್ಲಿನ ಮನೆಯಿದೆ. ಈಗ ಅದೊಂದು ಪ್ರಾರ್ಥನಾಮಂದಿರ. ಅಲ್ಲಿಂದ ವೆಸ್ಟರ್ನ್ ಅವೆನ್ಯೂವರೆಗೆ ಒಂದು ಮೈಲಿಯಷ್ಟು ನಡಿಗೆ. ದಾರಿಯುದ್ದಕ್ಕೂ ಇಟ್ಟಿಗೆಯ ಮನೆಗಳ ಮುಂದೆ ಹಸಿರು, ಬಿಳಿ, ಕಿತ್ತಳೆಯ ಐರಿಷ್ ಬಾವುಟಗಳು ಹಾರುತ್ತಿದ್ದವು. ದೂರದಿಂದ ನಮ್ಮದೇ ಎನಿಸಿ ಹತ್ತಿರ ಹೋದರೆ ಪಟ್ಟಿಗಳು ಉದ್ದುದ್ದ, ಚಕ್ರವಿಲ್ಲ. ಹಸಿರು ಕ್ಯಾಥೊಲಿಕ್ ಪರಂಪರೆಯವರದ್ದು, ಕಿತ್ತಳೆ ಪ್ರಾಟೆಸ್ಟೆಂಟ್ ಪರಂಪರೆಯವರದ್ದು, ನಡುವಿನ ಬಿಳಿ ಅವರಿಬ್ಬರ ಶಾಂತಿ ಎಂಬುದು ಅದರ ಅರ್ಥ. ಹಿಂದಿನ ದಿನ ಕಿತ್ತಳೆಯ ಪುಡಿ ನೀರಿಗೆ ಬಿದ್ದು ಹಸಿರಾದದ್ದನ್ನು ಆ ಎರಡು ಪಂಗಡದವರು ಹೇಗೆ ಅರ್ಥಮಾಡಿಕೊಳ್ಳುತ್ತಾರೋ!

ಈ ಮೆರವಣಿಗೆ ಶುರುವಾದ ಬಗೆಯೂ ಚೆಂದ. 1979ರಲ್ಲಿ ಇಲ್ಲಿನ ಹದಿನೇಳು ಮಕ್ಕಳು, ಮಗುವಿನ ತಳ್ಳುಗಾಡಿಯೊಂದನ್ನು ಅಲಂಕರಿಸಿಕೊಂಡು ತಮ್ಮ ಬೀದಿಯ ಸುತ್ತ ಒಂದು ಸುತ್ತು ಹಾಕಿದರು. ಅಷ್ಟೆ. ಎರಡೇ ವರ್ಷಗಳಲ್ಲಿ ಅದು ವೆಸ್ಟರ್ನ್ ಅವೆನ್ಯೂಗೆ ಬಂದಿತು. ಬೆಳೆಯುತ್ತ ಹೋಗಿ ಕುಡಿದು ಗಲಾಟೆ ಮಾಡುವವರ ಕೂಟವೂ ಆಯಿತು. 2009ರ ಗದ್ದಲದ ನಂತರ ಬಡಾವಣೆಯವರು ತಾವೇ ಇದು ಸಾಕೆಂದು ಎರಡು ವರ್ಷ ನಿಲ್ಲಿಸಿ, 2012ರಲ್ಲಿ, ಬೀದಿಯಲ್ಲಿ ಮದ್ಯ ಕಂಡರೆ ಬಿಡುವುದಿಲ್ಲವೆಂಬ ನಿಯಮದೊಂದಿಗೆ ಮತ್ತೆ ಆರಂಭಿಸಿದರು. ತಮ್ಮ ಹಬ್ಬ ಕೆಟ್ಟಿತೆಂದು ಒಪ್ಪಿಕೊಂಡು ಅದನ್ನು ನಿಲ್ಲಿಸುವ ಧೈರ್ಯ ಎಷ್ಟು ಊರುಗಳಿಗಿದೆ ಎಂದು ಗಣೇಶೋತ್ಸವದ ಧ್ವನಿವರ್ಧಕಗಳ ನಡುವೆ ಬಾಳುವ ನನಗೆ ಅನ್ನಿಸದಿರಲಿಲ್ಲ.

103ರಿಂದ 115ನೇ ರಸ್ತೆಯವರೆಗೆ ಎರಡೂ ಬದಿಗೆ ಜನ ಮಡಚುವ ಕುರ್ಚಿಗಳನ್ನು ಹಾಕಿಕೊಂಡು ಕುಳಿತಿದ್ದರು. ನಾವು ನಿಂತಿದ್ದ ಕಡೆ ಎಂಬತ್ತು ದಾಟಿದಂತಿದ್ದ ಅಜ್ಜಿಯೊಬ್ಬರು ಕಂಬಳಿ ಹೊದ್ದು ಕೂತಿದ್ದರು. ನನ್ನ ಕೋಟಿನ ಕೆಳಗಿನಿಂದ ಇಣುಕುತ್ತಿದ್ದ ಸೀರೆಯ ನೆರಿಗೆಯನ್ನು ನೋಡಿ, ಮುಟ್ಟಬಹುದೇ ಎಂದು ಕೇಳಿ, ಕೈಗವಸು ತೆಗೆದು ಜರಿಯಂಚನ್ನು ಎರಡು ಬೆರಳುಗಳ ನಡುವೆ ತಿಕ್ಕಿ ನೋಡಿದರು. ಇದು ನಿಜವಾದ ಲೋಹದ ಎಳೆಯೇ ಎಂದು ವಿಚಾರಿಸಿದರು. ತಾಯಿ ಐರ್ಲೆಂಡಿನಿಂದ ಬಂದು ಇಲ್ಲಿನ ಮನೆಗಳಲ್ಲಿ ಹೊಲಿಗೆ ಮಾಡಿ ಮಕ್ಕಳನ್ನು ಸಾಕಿದವರಂತೆ. ಆದ್ದರಿಂದ ಬಟ್ಟೆ ಕಂಡರೆ ತನಗೆ ಕೈ ಸುಮ್ಮನಿರದು ಎಂದರು.

ಆಮೇಲೆ ಅಜ್ಜಿ ತಮ್ಮ ಚೀಲದಿಂದ ಸೋಡಾ ಬ್ರೆಡ್ಡಿನ ಗಟ್ಟಿಯೊಂದನ್ನು ತೆಗೆದು ದಪ್ಪ ತುಂಡು ಮುರಿದು ಕೊಟ್ಟರು. ಹಬ್ಬದ ಊಟವೆಂದು ಎಲ್ಲೆಡೆ ಮಾರುವ ಕಾರ್ನ್‌ಡ್ ಬೀಫ್ ಎಂಬ ಉಪ್ಪಿನಲ್ಲಿ ಹದಮಾಡಿದ ದನದ ಮಾಂಸ ಮತ್ತು ಎಲೆಕೋಸು ನನಗೆ ಸಲ್ಲದ್ದು. ಅದು ಐರ್ಲೆಂಡಿನ ಅಡುಗೆಯೂ ಅಲ್ಲವಂತೆ, ಅಲ್ಲಿ ತಿನ್ನುತ್ತಿದ್ದ ಹಂದಿಮಾಂಸ ಇಲ್ಲಿ ತುಟ್ಟಿಯಾದಾಗ ವಲಸಿಗರು ಯಹೂದಿ ಕಸಾಯಿಗಳ ಅಂಗಡಿಯಿಂದ ದನದ ಮಾಂಸ ಕೊಂಡು ರೂಢಿಮಾಡಿಕೊಂಡದ್ದು. ಈ ಬ್ರೆಡ್ಡಿಗೆ ಮಾತ್ರ ಬೇಕಾದದ್ದು ಗೋಧಿಹಿಟ್ಟು, ಮಜ್ಜಿಗೆ, ಉಪ್ಪು, ಅಡುಗೆ ಸೋಡಾ. ಹುಳಿ ಬರಿಸುವ ಯೀಸ್ಟ್ ಬೇಡ. ಮಜ್ಜಿಗೆಯ ಹುಳಿಗೆ ಸೋಡಾ ಉಬ್ಬುತ್ತದೆ. ಮೇಲೆ ಚಾಕುವಿನಿಂದ ಗೀರಿದ ಶಿಲುಬೆ, ಒಳಗೆ ಒಣದ್ರಾಕ್ಷಿ, ಜೀರಿಗೆಯನ್ನು ಹೋಲುವ ಕ್ಯಾರವೆ ಕಾಳು. ಹೊರಗೆ ಕಟಕು, ಒಳಗೆ ಒದ್ದೆ. ಬಾಯಿಗಿಟ್ಟೊಡನೆ ಮಜ್ಜಿಗೆಯ ಹುಳಿ ನಾಲಗೆಗೆ ಹತ್ತಿತು, ಮಂಗಳೂರು ಬನ್ಸಿನ ಹಿಟ್ಟಿನ ವಾಸನೆ ಬಂದಂತಾಯಿತು. ಪ್ರತಿಯಾಗಿ ನಾನು ಕೊಟ್ಟ ಕೋಡುಬಳೆಯನ್ನು ಅಜ್ಜಿ ಮೊದಲು ಕಿವಿಯೋಲೆಯಂತೆ ಹಿಡಿದು ನೋಡಿ, ಆಮೇಲೆ ಕಡಿದು, ಖಾರಕ್ಕೆ ಕಣ್ಣು ತುಂಬಿಕೊಂಡು ಇನ್ನೊಂದು ಕೇಳಿದರು.

ಮೆರವಣಿಗೆಯಲ್ಲಿ ಶಾಲೆಗಳು, ಪೈಪ್ ತಂಡಗಳು, ಅಗ್ನಿಶಾಮಕದ ಗಾಡಿಗಳು ಬಂದವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕುಟುಂಬಗಳ ಪತಾಕೆಗಳು. ಮನೆತನದ ಹೆಸರನ್ನು ಬಟ್ಟೆಯ ಮೇಲೆ ಬರೆದು, ಎರಡು ಕೋಲುಗಳ ನಡುವೆ ಕಟ್ಟಿ, ಅಜ್ಜನಿಂದ ಹಿಡಿದು ಗಾಡಿಯಲ್ಲಿ ಮಲಗಿದ ಹಸುಗೂಸಿನವರೆಗೆ ಇಪ್ಪತ್ತು ಮೂವತ್ತು ಮಂದಿ ಅದರ ಹಿಂದೆ ನಡೆಯುತ್ತಾರೆ. ಒಂದು ಪತಾಕೆಯ ಅಂಚು ಹರಿದು, ಬೇರೆ ಹಸಿರಿನ ತುಂಡಿನಿಂದ ತೇಪೆ ಹಾಕಿತ್ತು. ಮೂಲದ ಹಸಿರು ಬಿಸಿಲಿಗೆ ಮಾಸಿ ಬೂದಿಯಾಗಿತ್ತು, ತೇಪೆಯದ್ದು ಮಾತ್ರ ಹೊಸದು. ಹೊಲಿಗೆಯವಳ ಮಗಳಾದ ಅಜ್ಜಿ ಅದನ್ನು ಕಂಡು, ಎಳೆಯನ್ನು ಬಿಗಿ ಮಾಡಿಲ್ಲವೆಂದು ಗೊಣಗಿದರು.

“ನಮ್ಮ ಕನ್ನಡ ಕೂಟದವರೂ ಹೀಗೆ ಮನೆಮನೆಯ ಹೆಸರು ಬರೆದುಕೊಂಡು ನಡೆಯಬೇಕು,” ಎಂದ ತಮ್ಮ. ಷಿಕಾಗೊದ ಕನ್ನಡಿಗರ ಸಂಘ ವಿದ್ಯಾರಣ್ಯ ಕನ್ನಡ ಕೂಟ. ಅದರ ಯುಗಾದಿಯ ಸಿದ್ಧತೆಯ ದಿನಗಳವು. ಆಗಸ್ಟ್‌ನಲ್ಲಿ ನೇಪರ್‌ವಿಲ್‌ನಲ್ಲಿ ನಡೆಯುವ ಭಾರತ ದಿನದ ಮೆರವಣಿಗೆಯಲ್ಲಿ ಅವನ ಮಗಳು ಕುಣಿದಿದ್ದಾಳೆ. “ನಮ್ಮ ಹೆಸರುಗಳಲ್ಲಿ ಊರು ಯಾವುದು, ಅಪ್ಪನ ಹೆಸರು ಯಾವುದು, ಯಾವುದನ್ನು ಬರೆಸುತ್ತೀಯೋ?” ಎಂದು ನಾನು ಕೇಳಿದ್ದಕ್ಕೆ ಅವನು ಪತಾಕೆಯ ಆಸೆಯನ್ನು ಅಲ್ಲಿಗೇ ಕೈಬಿಟ್ಟ.

ಸೋಮವಾರ, ಮಾರ್ಚ್ 18

ಸೋಮವಾರ ತಮ್ಮ ರಜೆ ಹಾಕಿ ಕಾರಿನಲ್ಲಿ ಎರಡು ಜಾಗ ತೋರಿಸಿದ. ಡಿಕೋವೆನ್ ರಸ್ತೆಯಲ್ಲಿ, 1871ರ ಅಕ್ಟೋಬರ್ 8ರ ರಾತ್ರಿ ಊರನ್ನು ಸುಟ್ಟ ಬೆಂಕಿ ಹೊತ್ತಿಕೊಂಡ ಕೊಟ್ಟಿಗೆಯಿದ್ದ ಕಡೆ, ಈಗ ಅಗ್ನಿಶಾಮಕ ಸಿಬ್ಬಂದಿಯ ತರಬೇತಿ ಶಾಲೆಯಿದೆ. ಕೊಟ್ಟಿಗೆ ಕ್ಯಾಥರೀನ್ ಓಲಿಯರಿ ಎಂಬ ಐರಿಷ್ ಹಾಲುಮಾರುವ ಹೆಂಗಸಿನದು. ಅವಳ ಹಸು ಲಾಂದ್ರವನ್ನು ಒದ್ದದ್ದೇ ಕಾರಣವೆಂಬ ಕಥೆಯನ್ನು ಪತ್ರಿಕೆಗಳು ಹಬ್ಬಿಸಿದವು. ಬಡವಳು, ಹೆಂಗಸು, ವಲಸೆ ಬಂದವಳು. ದೂರು ಹೊರಿಸಲು ಇನ್ನೇನು ಬೇಕಿತ್ತು? ನಗರಸಭೆ ಅವಳನ್ನೂ ಹಸುವನ್ನೂ ನಿರ್ದೋಷಿಗಳೆಂದು ಸಾರಿದ್ದು 1997ರಲ್ಲಿ. ಎರಡು ದಿನ ಕಂಡ ಅಗ್ನಿಶಾಮಕದವರ ಆ ಬೀಗುವ ನಡಿಗೆಯ ಹಿಂದೆ ಈ ಕೊಟ್ಟಿಗೆಯೂ ಇದೆಯೆಂದು ನನಗೆ ಹೊಳೆದದ್ದು ಅಲ್ಲಿ.

ಇನ್ನೊಂದು ಜಾಗ ಬ್ರಿಜ್‌ಪೋರ್ಟ್ ಬಡಾವಣೆಯ ಕಡೆ, ಆಶ್ಲಂಡ್ ಅವೆನ್ಯೂವಿನ ಪಕ್ಕದ ಪುಟ್ಟ ಉದ್ಯಾನ. 1836ರಿಂದ 1848ರವರೆಗೆ ಐರಿಷ್ ಕೂಲಿಗಳು ಗುದ್ದಲಿ ಸಲಿಕೆಗಳಿಂದ ತೋಡಿದ, 96 ಮೈಲಿ ಉದ್ದದ ಇಲಿನಾಯ್ ಮತ್ತು ಮಿಷಿಗನ್ ಕಾಲುವೆ ಹೊರಡುತ್ತಿದ್ದದ್ದು ಇಲ್ಲಿಂದ. ಸರೋವರಗಳ ನೀರುದಾರಿಯನ್ನು ಮಿಸಿಸಿಪ್ಪಿಗೆ ಜೋಡಿಸಿ ಷಿಕಾಗೊವನ್ನು ದೊಡ್ಡ ಊರು ಮಾಡಿದ್ದು ಆ ಕಾಲುವೆ. ಹಣವಿಲ್ಲದಾಗ ಕೂಲಿಯನ್ನು ಚೀಟಿಗಳಲ್ಲಿ ಕೊಡುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಕೂಲಿಗಳು ಬ್ರಿಜ್‌ಪೋರ್ಟ್‌ನಲ್ಲೇ ಉಳಿದರು, ಐರ್ಲೆಂಡಿನ ಆಲೂಗೆಡ್ಡೆಯ ಬರದಿಂದ ತಪ್ಪಿಸಿಕೊಂಡು ಬಂದ ಬಂಧುಗಳನ್ನು ಸೇರಿಸಿಕೊಂಡರು. ಮೇಯರ್ ಡೇಲಿ ಹುಟ್ಟಿದ್ದೂ ಅಲ್ಲೇ. ಉದ್ಯಾನದಲ್ಲಿ ನಮ್ಮನ್ನು ಬಿಟ್ಟರೆ ಮೀನು ಹಿಡಿಯುತ್ತಿದ್ದ ಒಬ್ಬನೇ ಒಬ್ಬ.

ಮರಳುವಾಗ ಪೇಟೆಯ ಸೇತುವೆಯೊಂದರ ಮೇಲೆ ಕಾರು ನಿಧಾನವಾಯಿತು. ನದಿ ಇನ್ನೂ ಹಸಿರಾಗಿಯೇ ಇದೆಯೆಂದು ನಾನು ತೋರಿಸಿದೆ. ಬಣ್ಣ ಶನಿವಾರವೇ ತೇಲಿಹೋಯಿತು, ಇದು ಈ ನದಿಯ ಎಂದಿನ ಪಾಚಿಹಸಿರು ಎಂದ ತಮ್ಮ. ಹಿಂದಿನ ಸೀಟಿನಿಂದ ಅವನ ಮಗಳು ಕಿಟಕಿಗೆ ಮೂಗು ಒತ್ತಿ ನೋಡಿ, ಅತ್ತೆ ಹೇಳಿದ್ದೇ ಸರಿ ಎಂದಳು.